ಬೇಗ ಎಬ್ಬಿಸಿದ ಬಳ್ಳಿ

ಗಿಡಮರಗಳಿಗೂ ಚಳಿಯಾಗುತ್ತದೆ ಎಂಬುದು ಶರೀಫೆಗೆ ತಿಳಿದದ್ದು ಮದುವೆಯಾಗಿ ಬೆಟ್ಟಸೀಮೆಯ ಮಲಾಯೆರಿಗೆ ಬಂದ ಮೇಲೆ. ಅವಳ ತವರು ಮಿನಾಬ್, ದಕ್ಷಿಣದ ಕಡಲ ಸೀಮೆ. ಅಲ್ಲಿ ಖರ್ಜೂರ, ಮಾವು, ನಿಂಬೆ ಎಲ್ಲವೂ ವರ್ಷವಿಡೀ ಹಸಿರು. ಒಂದು ಗಿಡ ಎಲೆ ಉದುರಿಸಿ ಬರಿದಾಯಿತೆಂದರೆ ಸತ್ತಿತೆಂದೇ ಅರ್ಥ. ಬುಡಸಮೇತ ಕಿತ್ತು ಒಲೆಗೆ ಹಾಕುತ್ತಿದ್ದರು. ಸೈನ್ಯದ ಸೇವೆಗೆಂದು ಆ ಕಡೆ ಎರಡು ವರ್ಷ ಇದ್ದ ಇರಜ್ ಅವಳನ್ನು ಮೆಚ್ಚಿ, ಸೇವೆ ಮುಗಿದ ಮೇಲೆ ತಾಯಿಯನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದಿದ್ದ. ತಾಯಿ ತಾವೂಸ್ ಖಾನಂ ಅಂಗಳದ ಮಾವಿನ ಮರದ ಕೆಳಗೆ ಕೂತು, ಕೊಟ್ಟ ಶರಬತ್ತನ್ನೂ ಮರೆತು ಮರವನ್ನೇ ನೋಡುತ್ತಾ, "ಇದಕ್ಕೆ ಚಳಿಗಾಲದಲ್ಲಿ ಏನು ಹೊದಿಸ್ತೀರಿ?" ಎಂದು ಕೇಳಿದ್ದರು. ಮನೆಯವರೆಲ್ಲ ನಕ್ಕಿದ್ದರು. ಶರೀಫೆಯೂ ಬಾಗಿಲ ಮರೆಯಲ್ಲಿ ನಿಂತು ನಕ್ಕಿದ್ದಳು.

ಆ ಪ್ರಶ್ನೆಯ ಅರ್ಥ ಅವಳಿಗೆ ಚಳಿ ಶುರುವಾಗುವ ಆಬಾನ್ ತಿಂಗಳ ಕೊನೆಗೆ ಗೊತ್ತಾಯಿತು. ಅತ್ತೆಮನೆಯ ಅಂಗಳ ದೊಡ್ಡದೇನಲ್ಲ. ನಾಲ್ಕು ಗೋಡೆ, ನಡುವೆ ಒಂದು ಪುಟ್ಟ ಕೊಳ, ಗೋಡೆಯುದ್ದಕ್ಕೆ ದ್ರಾಕ್ಷಿ ಚಪ್ಪರ, ಮೂಲೆಯಲ್ಲಿ ಅಂಜೂರ, ಅಡುಗೆಮನೆಯ ಕಿಟಕಿಯ ಹತ್ತಿರ ದಾಳಿಂಬೆ, ಒಂದು ಸಾಲು ಗುಲಾಬಿ. ಒಂದು ಬೆಳಿಗ್ಗೆ ತಾವೂಸ್ ಖಾನಂ ಸೊಂಟಕ್ಕೆ ಶಾಲು ಬಿಗಿದು, ಚಪ್ಪರದ ಕಟ್ಟುಗಳನ್ನು ಬಿಚ್ಚಿ ಬಳ್ಳಿಯನ್ನು ಕೆಳಗಿಳಿಸಿದರು. ವರ್ಷ ವರ್ಷವೂ ಬಗ್ಗಿ ಅಭ್ಯಾಸವಾದ ಬಳ್ಳಿ ಅದು. ಮಂಡಿಯೂರಿ, ಒಂದು ಕೈಯಲ್ಲಿ ಬುಡ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೆರಳು ಬೆರಳಷ್ಟೇ ಬಗ್ಗಿಸುತ್ತಾ, ಗೋಡೆಯ ಪಕ್ಕ ತೋಡಿದ್ದ ಕಾಲುವೆಯೊಳಗೆ ಅದನ್ನು ಉದ್ದಕ್ಕೆ ಮಲಗಿಸಿದರು. ಆಮೇಲೆ ಮೇಲೆ ಮಣ್ಣೆಳೆದರು.

"ಮಾದರ್ ಜಾನ್, ಬದುಕಿರೋದನ್ನ ಹೂಳ್ತೀರಲ್ಲ," ಎಂದಳು ಶರೀಫೆ.

"ಹೂಳ್ತಿಲ್ಲ, ಮಗಳೇ, ಹೊದಿಸ್ತಿದೀನಿ. ಆ ಹಗ್ಗ ಕೊಡು. ಅಳೋದಾದ್ರೆ ಹಗ್ಗ ಕೊಟ್ಟು ಆಮೇಲೆ ಅಳು."

ಅಂಜೂರದ ಕೊಂಬೆಗಳನ್ನು ಒಟ್ಟಿಗೆ ಸೇರಿಸಿ ಹಗ್ಗ ಸುತ್ತಿ, ಗೋಣಿ ಹೊದಿಸಿ, ಸಂದಿಗಳಲ್ಲಿ ಒಣಎಲೆ ತುರುಕಿ, ಮೇಲೊಂದು ಹರಿದ ಕಂಬಳಿ ಕಟ್ಟಿದರು. ಅದು ಅಂಗಳದ ಮೂಲೆಯಲ್ಲಿ ಮುಸುಕು ಹಾಕಿ ನಿಂತ ಮನುಷ್ಯನ ಹಾಗೆ ಕಾಣುತ್ತಿತ್ತು. ಗುಲಾಬಿಯ ಬುಡಕ್ಕೆ ಗೊಬ್ಬರದ ಗುಡ್ಡೆ ಬಿತ್ತು. ದಾಳಿಂಬೆ ಗಟ್ಟಿ ಜಾತಿ, ಅದಕ್ಕೆ ಒಂದು ಗೋಣಿಯೇ ಸಾಕು ಎಂದರು. ಹದಿನೈದು ದಿನಕ್ಕೆ ಹಿಮ ಬಿತ್ತು. ಅಂಗಳದಲ್ಲಿ ಒಂದು ಎಲೆಯೂ ಕಾಣದಂತಾಯಿತು.

ಆ ಚಳಿಗಾಲ ಶರೀಫೆಗೆ ಬಲು ಉದ್ದವಾಯಿತು. ಇರಜ್ ಮರದ ಕೆತ್ತನೆಯ ಕಾರ್ಖಾನೆಗೆ ಬೆಳಿಗ್ಗೆ ಹೋದವನು ಮೈತುಂಬ ಹೊಟ್ಟು ಮೆತ್ತಿಕೊಂಡು ಸಂಜೆ ಬರುತ್ತಿದ್ದ. ಹಗಲೆಲ್ಲ ಅತ್ತೆ ಸೊಸೆ ಕೆಂಡದ ಕಾವಿನ ಗಿಡ್ಡ ಮೇಜಾದ ಕೊರ್ಸಿಯ ಅಡಿಯಲ್ಲಿ ಕಾಲಿಟ್ಟು, ಅದರ ಮೇಲಿನ ದಪ್ಪ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕೂರುತ್ತಿದ್ದರು. ತಾವೂಸ್ ಖಾನಂ ಬೇಯಿಸಿದ ಟರ್ನಿಪ್ ಸುಲಿದು ಅವಳ ತಟ್ಟೆಗೆ ಹಾಕುತ್ತಿದ್ದರು. ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟರು, ಒಂದಲ್ಲ, ಮೂರು ಜೊತೆ. ಆದರೆ ಮಾತು ಕಡಿಮೆ, ಆಡಿದರೆ ಚುಚ್ಚು. "ಕಡಲ ಮೀನನ್ನ ತಂದು ಹಿಮದಲ್ಲಿ ಬಿಟ್ಟ ನನ್ನ ಮಗ," ಎನ್ನುತ್ತಿದ್ದರು. ಶರೀಫೆಗೆ ಅದು ತಮಾಷೆಯೋ ಬೇಸರವೋ ಗೊತ್ತಾಗುತ್ತಿರಲಿಲ್ಲ. ಕಿಟಕಿಯಿಂದ ಬಿಳಿ ಅಂಗಳ ನೋಡಿದಾಗಲೆಲ್ಲ ಮಣ್ಣಿನಡಿಯ ಬಳ್ಳಿಯ ನೆನಪಾಗಿ ಉಸಿರು ಕಟ್ಟಿದಂತಾಗುತ್ತಿತ್ತು.

ಬಹ್ಮನ್ ತಿಂಗಳ ಕೊನೆಗೆ ಕರಜ್‌ನಲ್ಲಿದ್ದ ನಾದಿನಿ ಮೊನೀರೆಗೆ ಹೆರಿಗೆಯಾಯಿತು. ಒಂಬತ್ತು ವರ್ಷ ಕಾದ ಮಗು. ನಲವತ್ತು ದಿನ ಮಗಳ ಹತ್ತಿರ ಇರಲೆಂದು ತಾವೂಸ್ ಖಾನಂ ಹೊರಟರು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ಹೇಳಿದರು:

"ಇರಜ್‌ಗೆ ಊಟ ಹಾಕದಿದ್ರೂ ನಡೆಯುತ್ತೆ, ಅವನು ಎಲ್ಲಾದ್ರೂ ತಿಂತಾನೆ. ಮಣ್ಣು ಮಾತ್ರ ಮುಟ್ಟಬೇಡ. ನೌರೂಜ್ ಹಬ್ಬದ ಎಂಟನೇ ದಿನಕ್ಕೆ ನಾನು ಬರ್ತೀನಿ. ಹಬ್ಬದ ಹದಿಮೂರು ದಿನ ಕಳೆದ ಮೇಲೆ ಇಬ್ರೂ ಸೇರಿ ತೆಗೆಯೋಣ."

"ಆಯ್ತು ಮಾದರ್ ಜಾನ್."

ವರ್ಷದ ಕೊನೆಯ ತಿಂಗಳು ಎಸ್ಫಂದ್ ಬಂತು. ಹೊಸವರ್ಷದ ಹಬ್ಬಕ್ಕೆ ಇನ್ನು ಮೂರು ವಾರ. ಏನಾಯಿತೋ, ಆ ವರ್ಷ ಬಿಸಿಲು ಮುಂಚೆಯೇ ಏರಿತು. ಒಂಬತ್ತು ದಿನ ಒಂದು ತುಂಡು ಮೋಡವಿಲ್ಲ. ಹಿಮ ಕರಗಿ ಚರಂಡಿಯಲ್ಲಿ ಹರಿಯಿತು. ಬೀದಿಯ ಹೆಂಗಸರೆಲ್ಲ ಹಬ್ಬದ ಮನೆ ತೊಳೆಯುವ ಕೆಲಸಕ್ಕೆ ಇಳಿದಿದ್ದರು. ಕಾರ್ಪೆಟ್ಟುಗಳು ಗೋಡೆಯ ಮೇಲೆ ಒಣಗುತ್ತಿದ್ದವು. ಶರೀಫೆ ಅಂಗಳ ಗುಡಿಸುವಾಗ ಕಾಲುವೆಯ ಮೇಲಿನ ಮಣ್ಣು ಬಿರುಕು ಬಿಟ್ಟಿರುವುದನ್ನು ಕಂಡಳು. ಕೂತು ಒಂದಿಷ್ಟು ಕೆದಕಿದಳು. ಬಳ್ಳಿಯ ಮೈಮೇಲೆ ಚಿಗುರೊಡೆಯುವ ಒಂದು ಕಣ್ಣು ಉಬ್ಬಿತ್ತು. ಬೆಕ್ಕಿನ ಮರಿಯ ಕಿವಿಯಂತೆ ಬಿಳಿ ತುಪ್ಪಳ, ಅದರೊಳಗೆ ಗುಲಾಬಿ ಬಣ್ಣ.

ಸಂಜೆ ಇರಜ್‌ಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತಾ, "ಅಮ್ಮ ಹದಿಮೂರು ಅಂದಿದಾರಲ್ಲ. ಕೇಳಿ ನೋಡು," ಎಂದ.

"ಕೇಳಿದ್ರೆ ಬೇಡ ಅಂತಾರೆ."

"ಹಾಗಿದ್ರೆ ಬೇಡ ಅಂತ ಅಲ್ವಾ?"

ಶರೀಫೆ ಕೇಳಲಿಲ್ಲ. ಅವಳ ಆಸೆಯೇ ಬೇರೆ ಇತ್ತು. ಅತ್ತೆ ಮಗಳ ಮನೆಯಿಂದ ಬಂದು ಬಾಗಿಲು ತೆರೆದಾಗ ಚಪ್ಪರ ಹಸಿರಾಗಿರಬೇಕು. ಈ ಕಡಲ ಮೀನಿಗೂ ಒಂದು ಕೆಲಸ ಬರುತ್ತದೆ ಎಂದು ಅವರಿಗೆ ಅನಿಸಬೇಕು. ಮರುದಿನ ಇಡೀ ದಿನ ಕೂತು ಕೈಯಿಂದಲೇ ಮಣ್ಣು ಸರಿಸಿದಳು. ಬಳ್ಳಿಯನ್ನು ಎತ್ತಿ ಚಪ್ಪರಕ್ಕೆ ಕಟ್ಟಿದಳು. ಅಂಜೂರದ ಕಂಬಳಿ, ಗೋಣಿ, ಹಗ್ಗ ಎಲ್ಲ ಬಿಚ್ಚಿದಳು. ಗಿಡಗಳೆಲ್ಲ ದೊಡ್ಡದಾಗಿ ಉಸಿರೆಳೆದುಕೊಂಡ ಹಾಗೆ ಅವಳಿಗನಿಸಿತು. ಅವಳೂ ಎಳೆದುಕೊಂಡಳು.

ಪಕ್ಕದ ಮನೆಯ ಮಶ್ ಕುರ್ಬಾನ್ ಗೋಡೆಯ ಮೇಲಿಂದ ತಲೆ ಹಾಕಿದ. ಎಪ್ಪತ್ತು ದಾಟಿದ ಮುದುಕ, ಆಯಸ್ಸೆಲ್ಲ ಬೇರೆಯವರ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರಿದವನು. ಸ್ವಲ್ಪ ಹೊತ್ತು ನೋಡಿ ಹೇಳಿದ:

"ಮುದುಕಿ ಇನ್ನೂ ಬಂದಿಲ್ವಲ್ಲಮ್ಮ."

"ಹಬ್ಬದ ಎಂಟಕ್ಕೆ ಬರ್ತಾರೆ."

"ನಿಮ್ಮತ್ತೆ ಅಲ್ಲಮ್ಮ. ಇನ್ನೊಬ್ಬಳು. ಅವಳು ಹೇಳಿ ಕಳಿಸಿ ಬರೋಳಲ್ಲ."

ವಯಸ್ಸಾದವರು ಏನೇನೋ ಮಾತಾಡುತ್ತಾರೆ ಎಂದುಕೊಂಡು ಶರೀಫೆ ನಕ್ಕು ಸುಮ್ಮನಾದಳು. ಚಳಿಗಾಲದ ಕೊನೆಗೆ ಮತ್ತೊಮ್ಮೆ ತಿರುಗಿ ಬರುವ ಚಳಿಗೆ ಆ ಕಡೆ ಮುದುಕಿಯ ಚಳಿ ಎನ್ನುತ್ತಾರೆಂಬುದು ಮಿನಾಬಿನ ಹುಡುಗಿಗೆ ಹೇಗೆ ಗೊತ್ತಿರಬೇಕು.

ಹತ್ತು ದಿನದಲ್ಲಿ ಬಳ್ಳಿಯ ಕಣ್ಣುಗಳೆಲ್ಲ ಒಡೆದು ಬೆರಳ ತುದಿಯಷ್ಟು ಚಿಗುರಿದವು. ಅಂಜೂರದ ಕೊಂಬೆಯ ತುದಿಯಲ್ಲಿ ಹಸಿರು ಮೊನೆ ಮೂಡಿತು. ಹಬ್ಬಕ್ಕೆ ಐದು ದಿನ ಇದೆ ಎನ್ನುವಾಗ ಮಧ್ಯಾಹ್ನ ಗಾಳಿ ತಿರುಗಿತು. ಮೊದಲು ಮಳೆ, ಸಂಜೆಯ ಹೊತ್ತಿಗೆ ಹಿಮ. ಶರೀಫೆ ಓಡಿ ಬಂದು ಬಳ್ಳಿಯನ್ನು ಮತ್ತೆ ಮಲಗಿಸಲು ಹೋದಳು. ಮುಟ್ಟಿದರೆ ಸಾಕು ಎಳೆ ಚಿಗುರು ಕಳಚಿ ಅಂಗೈಗೆ ಬರುತ್ತಿತ್ತು. ನಾಲ್ಕು ಚಿಗುರು ಹೀಗೆ ಹೋದ ಮೇಲೆ ಕೈಬಿಟ್ಟು ಒಳಗೋಡಿ, ಕೈಗೆ ಸಿಕ್ಕ ಹೊದಿಕೆಗಳನ್ನೆಲ್ಲ ತಂದು ಚಪ್ಪರದ ಮೇಲೆ ಹೊದಿಸಿದಳು. ಅತಿಥಿಗಳಿಗೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಸ್ಯಾಟಿನ್ ಹೊದಿಕೆಯೂ ಅದರಲ್ಲಿತ್ತು. ಇರಜ್ ಕೆಲಸದಿಂದ ಬಂದವನು ಸೀಮೆಎಣ್ಣೆ ಹೀಟರನ್ನು ಅಂಗಳಕ್ಕೆ ತಂದು ಅಂಜೂರದ ಪಕ್ಕ ಹಚ್ಚಿಟ್ಟ.

ಬೆಳಗಾಗುವ ಹೊತ್ತಿಗೆ ಮೋಡ ಸರಿದು ಆಕಾಶ ಗಾಜಿನಂತಾಗಿತ್ತು. ಅಂಥ ಆಕಾಶವೇ ಕೆಟ್ಟದ್ದು, ಮೋಡದ ಹೊದಿಕೆಯಿಲ್ಲದೆ ಚಳಿ ಇನ್ನೂ ಏರುತ್ತದೆ. ಹೊದಿಕೆಗಳು ಮಂಜುಗಟ್ಟಿ ಹಲಗೆಯಂತೆ ಸೆಟೆದಿದ್ದವು. ಹೀಟರ್ ಮಸಿ ಕಾರಿ ಆರಿಹೋಗಿತ್ತು. ಶರೀಫೆ ಕೈಗವಸೂ ಇಲ್ಲದೆ ಬಳ್ಳಿಯ ಬುಡದ ಹಿಮ ಬಗೆದು ಎಸೆಯುತ್ತಿದ್ದಳು. ಇರಜ್ ಒಳಗೆ ಬಾ ಎಂದು ಮೂರು ಸಲ ಕರೆದು, ಕೊನೆಗೆ ತಾನೂ ಸಲಿಕೆ ಹಿಡಿದು ಕೆಲಸಕ್ಕೆ ಹೋಗುವವರೆಗೂ ಜೊತೆಗೆ ನಿಂತ. ಬಿಸಿಲೇರಿದ ಮೇಲೆ ಹೊದಿಕೆ ಎತ್ತಿ ನೋಡಿದರೆ ಚಿಗುರುಗಳು ಬೇಯಿಸಿದ ಸೊಪ್ಪಿನಂತೆ ಜೋತಿದ್ದವು. ಮಧ್ಯಾಹ್ನಕ್ಕೆ ಕಪ್ಪಾದವು.

ಆ ಸಂಜೆ ಮಶ್ ಕುರ್ಬಾನ್ ಎರಡು ಕಟ್ಟು ಹುಲ್ಲು ಹೊತ್ತು ಬಂದ. "ನಮ್ಮನೇಲಿ ಹೆಚ್ಚಾಗಿ ಬಿದ್ದಿತ್ತು," ಎಂದ. ಹೆಚ್ಚಾಗಿ ಬಿದ್ದ ಹುಲ್ಲನ್ನು ಪಕ್ಕದ ಮನೆಗೆ ಹೊತ್ತು ತರುವ ವಯಸ್ಸು ಅವನದಾಗಿರಲಿಲ್ಲ. ಹುಲ್ಲನ್ನು ಒದ್ದೆ ಮಾಡಿ ಅಂಗಳದ ಎರಡು ಕಡೆ ಗುಡ್ಡೆ ಹಾಕಿಸಿದ. ಮರುದಿನ ನಸುಕಿಗೇ ಬಂದು, ಗಿಡಗಳು ಮಂಜುಗಟ್ಟದಿರಲೆಂದು ಹೊಗೆ ಹಾಕಿದ. ಮೂವರೂ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಸೂರ್ಯ ಹುಟ್ಟುವವರೆಗೆ ನಿಂತರು. ದಾಳಿಂಬೆ ಉಳಿಯಿತು. ಗುಲಾಬಿ ಉಳಿಯಿತು. ಬಳ್ಳಿಯ ಮೇಲೆ ಮಾತ್ರ ಒಂದು ಹಸಿರು ಚುಕ್ಕೆಯೂ ಇರಲಿಲ್ಲ. ಅಂಜೂರದ ಕೊಂಬೆಗಳು ಹಿಚುಕಿದರೆ ಮೆತ್ತಗಾಗಿದ್ದವು.

"ಕತ್ತರಿಸಿ ಹಾಕ್ಲಾ, ಮಶ್ ಕುರ್ಬಾನ್? ನೋಡೋಕಾಗಲ್ಲ."

"ಕತ್ತರಿ ಮುಟ್ಟಿದ್ರೆ ನಿನ್ನ ಕೈ ಕತ್ತರಿಸ್ತೀನಿ. ಯಾವುದು ಸತ್ತಿದೆ ಯಾವುದು ಬದುಕಿದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ತಾನೇ ಹೇಳೋತನಕ ಬಾಯಿ ಮುಚ್ಕೊಂಡು ಇರು."

ಅವನು ಹೋಗಿ ಎರಡು ದಿನಕ್ಕೆ ಮತ್ತೆ ಬಂದ, ಕೊಳೆತ ಕುರಿಗೊಬ್ಬರದ ಚೀಲ ತಂದು ಬುಡಕ್ಕೆ ಹರಡಿದ. ಎರಡು ದಿನ ಬಿಟ್ಟು ಮತ್ತೆ ಬಂದ. ಪ್ರತಿ ಸಲವೂ ಏನೋ ಒಂದು ನೆವ.

ಕರಜ್‌ನಿಂದ ತಾವೂಸ್ ಖಾನಂ ಹಿಮ ಬಿದ್ದ ಮರುದಿನದಿಂದ ದಿನಾ ಬೆಳಿಗ್ಗೆ ಫೋನ್ ಮಾಡತೊಡಗಿದ್ದರು. ಮಗುವಿನ ಸುದ್ದಿ, ಮೊನೀರೆಯ ಹಾಲಿನ ಸುದ್ದಿ, ಕೊನೆಗೆ ಒಂದೇ ಪ್ರಶ್ನೆ.

"ಬಳ್ಳಿ ಹೇಗಿದೆ?"

ಮೊದಲ ದಿನ ಶರೀಫೆಯ ಬಾಯಿಂದ, "ಮಲಗಿದೆ, ಮಾದರ್ ಜಾನ್," ಎಂದು ಬಂದುಬಿಟ್ಟಿತು. ಒಂದು ಸಲ ಆಡಿದ ಮೇಲೆ ಹಿಂದೆಗೆದುಕೊಳ್ಳಲು ಆಗಲಿಲ್ಲ. ಎರಡನೇ ದಿನವೂ ಮಲಗಿದೆ. ಹಬ್ಬದ ದಿನ, ಸಬ್ಜೆ ಎಂಬ ಗೋಧಿಯ ಮೊಳಕೆ, ಸೇಬು, ಬೆಳ್ಳುಳ್ಳಿ ಜೋಡಿಸಿಟ್ಟ ಹಬ್ಬದ ಹಾಸಿನ ಮುಂದೆ ಕೂತು ಫೋನಿನಲ್ಲಿ ಶುಭ ಹಾರೈಸುವಾಗಲೂ ಮಲಗಿದೆ. "ಒಳ್ಳೇದು. ಮಲಗಲಿ," ಎನ್ನುತ್ತಿದ್ದರು ಅತ್ತೆ. ಆಮೇಲೆ ಒಂದು ಕ್ಷಣ ಏನೂ ಮಾತಾಡದೆ ಹಿಡಿದಿರುತ್ತಿದ್ದರು. ಹಬ್ಬದ ಅಡುಗೆಯೂ ಅವಳಿಗೆ ರುಚಿಸಲಿಲ್ಲ. ಆ ಬಳ್ಳಿ ತಾವೂಸ್ ಖಾನಂ ಮದುವೆಯಾಗಿ ಬರುವಾಗ ತವರಿನ ಹಳ್ಳಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯಿಂದ ಬೆಳೆದದ್ದೆಂದು ಇರಜ್ ಹೇಳಿದ ಮೇಲಂತೂ ನಿದ್ದೆಯೂ ಹೋಯಿತು.

ಎಂಟನೇ ದಿನ ಮಧ್ಯಾಹ್ನ ಇರಜ್ ತಾಯಿಯನ್ನು ಬಸ್ ನಿಲ್ದಾಣದಿಂದ ಕರೆತಂದ. ಶರೀಫೆ ಬಾಗಿಲಲ್ಲೇ ತಡೆದಳು.

"ಮಾದರ್ ಜಾನ್, ನಾನು ನಿಮಗೆ ಸುಳ್ಳು ಹೇಳಿದೆ."

"ಮೊದ್ಲು ಚಹಾ ಕೊಡು. ಬಸ್ಸಲ್ಲಿ ಕೊಟ್ಟಿದ್ದು ಚಹಾ ಅಲ್ಲ."

"ನಾನು ಬಳ್ಳಿ ತೆಗೆದುಬಿಟ್ಟೆ. ಹೋಯ್ತು. ಅಂಜೂರಾನೂ ಹೋಯ್ತು."

ತಾವೂಸ್ ಖಾನಂ ಚೀಲ ಕೆಳಗಿಟ್ಟು, ಮೈಮೇಲೆ ಹೊದ್ದಿದ್ದ ಚಾದರ್ ತೆಗೆದು ಮಡಚಿ ಮಗನ ಕೈಗೆ ಕೊಟ್ಟು, ಅಂಗಳಕ್ಕಿಳಿದರು. ಚಪ್ಪರವನ್ನು ನೋಡಿದರು. ಅಂಜೂರವನ್ನು ನೋಡಿದರು. ಅವರ ಕಣ್ಣು ಹಗ್ಗದ ಮೇಲೆ ಒಣಗುತ್ತಿದ್ದ ಸ್ಯಾಟಿನ್ ಹೊದಿಕೆಯ ಮೇಲೆ ನಿಂತಿತು. ಮಸಿಯ ದೊಡ್ಡ ಕಲೆ, ಒಳಗಿನ ಹತ್ತಿ ಉಂಡೆಗಟ್ಟಿ ಅಲ್ಲಲ್ಲಿ ಗಂಟು.

"ಇದನ್ನ ಯಾರು ಹೊರಗೆ ತಂದಿದ್ದು?"

"ನಾನು."

"ಅತಿಥಿಗಳ ಹೊದಿಕೆ ಇದು. ನನ್ನ ತಾಯಿ ಕೂತು ಹೊಲಿದಿದ್ದು. ಹತ್ತಿಗೆ ನೀರು ಬಿದ್ರೆ ಕಥೆ ಮುಗೀತು, ನಿಮ್ಮೂರಲ್ಲಿ ಹೊದಿಕೆನೇ ಇಲ್ವಾ? ಮನೇಲಿ ಹಳೇ ಗೋಣಿ ಇರ್ಲಿಲ್ವಾ, ನನ್ನ ಹಳೇ ಕಂಬಳಿ ಇರ್ಲಿಲ್ವಾ? ಇವನು ಏನ್ ಮಾಡ್ತಿದ್ದ, ಈ ನನ್ನ ಮಗ, ಗೂಟದ ಹಾಗೆ ನಿಂತು ನೋಡ್ತಿದ್ನಾ?"

ಕಾಲು ಗಂಟೆ ಹೊದಿಕೆಯ ಮೇಲೇ ಬೈಗುಳ ನಡೆಯಿತು. ಶರೀಫೆ ತಲೆ ತಗ್ಗಿಸಿ ನಿಂತಿದ್ದಳು. ಬೈಗುಳ ಬಳ್ಳಿಯ ಕಡೆ ತಿರುಗಲೇ ಇಲ್ಲ. ಅದನ್ನು ಗಮನಿಸಿದ ಕ್ಷಣಕ್ಕೆ ಅವಳಿಗೆ ಹನ್ನೆರಡು ದಿನದಿಂದ ತಡೆದಿದ್ದ ಅಳು ಬಂತು.

ತಾವೂಸ್ ಖಾನಂ ಹೊದಿಕೆಯ ಮಾತು ಅಲ್ಲಿಗೇ ಬಿಟ್ಟರು. ಅವಳ ಮುಂಗೈ ಹಿಡಿದು ಬಳ್ಳಿಯ ಹತ್ತಿರ ಎಳೆದೊಯ್ದು, ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದರು. ಒಳಗೆ ಒದ್ದೆ ಹಸಿರು.

"ನೋಡು. ಸತ್ತಿದ್ರೆ ಕಂದು ಇರ್ತಿತ್ತು. ಚಿಗುರು ಹೋಗಿದೆ, ಬಳ್ಳಿ ಎಲ್ಲಿಗೂ ಹೋಗಿಲ್ಲ. ಈ ಕಪ್ಪಾಗಿದೆಯಲ್ಲ ಕಣ್ಣು, ಇದರ ಬೆನ್ನಿಗೆ ಇನ್ನೊಂದು ಪುಟ್ಟದು ಕೂತಿರುತ್ತೆ. ಮುಂದಿನದು ಚೆನ್ನಾಗಿದ್ರೆ ಇದು ಏಳೋದೇ ಇಲ್ಲ, ವರ್ಷಗಟ್ಟಲೆ ಮಲಗಿರುತ್ತೆ. ಈಗ ಅದಕ್ಕೆ ಕೆಲಸ ಬಂತು."

"ಯಾವಾಗ ಏಳುತ್ತೆ?"

"ಅದಕ್ಕೆ ಇಷ್ಟ ಬಂದಾಗ. ದಿನಾ ಬಂದು ಕೆದಕಬೇಡ, ಹೇಳಿದೀನಿ."

ಹದಿಮೂರು ಕಳೆಯಿತು. ಬೀದಿಯ ಎಲ್ಲ ಅಂಗಳಗಳಲ್ಲೂ ಮಣ್ಣು ತೆಗೆದರು; ಬೇರೆಯವರ ಬಳ್ಳಿಗಳೆಲ್ಲ ಚಿಗುರಿದವು. ಈ ಚಪ್ಪರ ಬೋಳಾಗಿಯೇ ಇತ್ತು. ಹೊಸವರ್ಷದ ಮೊದಲ ತಿಂಗಳು ಫರ್ವರ್ದೀನ್ ಪೂರ್ತಿ ಶರೀಫೆ ಕಿಟಕಿಯಿಂದ ನೋಡಿದಳು, ಕೆದಕಲಿಲ್ಲ. ತಿಂಗಳು ಮುಗಿದು ನಾಲ್ಕನೇ ದಿನ ಬೆಳಿಗ್ಗೆ, ನೀರು ಹಾಕಲು ಹೋದವಳು ಕೊಡ ಹಾಗೇ ಬಿಟ್ಟು ಅಡುಗೆಮನೆಗೆ ಓಡಿ ಬಂದಳು. ಅತ್ತೆಯ ತೋಳು ಹಿಡಿದು ಹೊರಗೆ ಕರೆದೊಯ್ದಳು. ಕಪ್ಪು ಚಿಗುರಿನ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು. ಹುಡುಕಿದರೆ ಇನ್ನೊಂದು. ಇಬ್ಬರೂ ಬೆನ್ನು ಬಗ್ಗಿಸಿ ಚಪ್ಪರದ ಈ ತುದಿಯಿಂದ ಆ ತುದಿಗೆ ನಡೆದರು. ಎಲ್ಲ ಕಣ್ಣುಗಳೂ ಎದ್ದಿರಲಿಲ್ಲ, ಎದ್ದವು ಸಾಕಷ್ಟಿದ್ದವು. "ದೇವರಿಗೆ ಸ್ತೋತ್ರ," ಎಂದರು ತಾವೂಸ್ ಖಾನಂ, ಮೆಲ್ಲಗೆ, ಬಳ್ಳಿಯ ಹತ್ತಿರವೇ ಹೇಳುವ ಹಾಗೆ. ಇನ್ನೂ ಎರಡು ವಾರಕ್ಕೆ ಅಂಜೂರದ ಬುಡದಲ್ಲಿ ನೆಲ ಸೀಳಿಕೊಂಡು ಐದು ಮೊಳಕೆ ಎದ್ದವು. ಆಗ ಮಶ್ ಕುರ್ಬಾನ್ ತಾನೇ ಗರಗಸ ತಂದು ಮೇಲಿನ ಸತ್ತ ಕೊಂಬೆಗಳನ್ನು ಕತ್ತರಿಸಿಕೊಟ್ಟ.

ವಸಂತದ ಕೊನೆಯ ಖೊರ್ದಾದ್ ತಿಂಗಳ ಒಂದು ಶುಕ್ರವಾರ ಬಳ್ಳಿಯ ಎಳೆ ಎಲೆಗಳನ್ನು ಬಿಡಿಸಿ, ಅಕ್ಕಿ, ಬೇಳೆ, ಸೊಪ್ಪು, ಮಾಂಸ ತುಂಬಿ ದೊಲ್ಮೆ ಮಾಡಿದರು. ಹಿಂದಿನ ಕಣ್ಣಿನಿಂದ ಬಂದ ಚಿಗುರಿನಲ್ಲಿ ಗೊಂಚಲು ಕಡಿಮೆ, ಎಲೆ ಬೇಕಾದಷ್ಟು. ಮೊದಲ ಪಾತ್ರೆ ಇಳಿಸಿದ ಕೂಡಲೇ ಶರೀಫೆ ಒಂದು ತಟ್ಟೆ ತುಂಬಿ ಪಕ್ಕದ ಮನೆಗೆ ಹೋದಳು.

"ಮಶ್ ಕುರ್ಬಾನ್, ನಿಮ್ಮ ಕೈ ನೋಯದಿರಲಿ. ನೀವಿಲ್ದಿದ್ರೆ ನಮ್ಮ ಅಂಗಳದಲ್ಲಿ ಏನೂ ಉಳೀತಿರ್ಲಿಲ್ಲ."

ಮುದುಕ ತಟ್ಟೆ ತೆಗೆದುಕೊಂಡು ಮೂಸಿ ನೋಡಿದ. ಮುಜುಗರವಾದಂತೆ ಗಡ್ಡ ಕೆರೆದುಕೊಂಡ.

"ನನಗ್ಯಾಕೆ ಹೇಳ್ತೀಯ? ನಿನ್ನ ಅತ್ತೆಗೆ ಹೇಳು. ಹಿಮ ಬಿದ್ದ ಬೆಳಿಗ್ಗೆ ಮಾಳಿಗೆ ಮೇಲಿಂದ ನಿನ್ನ ಅವಸ್ಥೆ ನೋಡಿ ನಾನೇ ಅವಳಿಗೆ ಫೋನ್ ಮಾಡಿದ್ದೆ. ಆಮೇಲೆ ನನ್ನನ್ನ ಕೂರೋಕೆ ಬಿಟ್ಟಿದ್ರೆ ಕೇಳು. ಹುಲ್ಲು ತಗೊಂಡು ಹೋಗು, ಗೊಬ್ಬರ ಹಾಕು, ಹುಡುಗಿ ಕತ್ತರಿ ಹಿಡಿದ್ರೆ ಕಿತ್ಕೋ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ ಅಂತ ಆಣೆ ಹಾಕಿಸಿದ್ಲು. ನೋಡು, ಈಗ ಹೇಳಿಬಿಟ್ಟೆ. ಉಪ್ಪು ಸರಿಯಾಗಿದ್ಯಾ ಇದಕ್ಕೆ?"

ಶರೀಫೆ ಉಪ್ಪಿನ ಮಾತಿಗೆ ನಿಲ್ಲಲಿಲ್ಲ. ಮನೆಗೆ ಬಂದಳು. ತಾವೂಸ್ ಖಾನಂ ಅಡುಗೆಮನೆಯ ನೆಲದ ಮೇಲೆ ಎರಡನೇ ಪಾತ್ರೆಗೆ ಎಲೆ ಮಡಚುತ್ತಾ ಕೂತಿದ್ದರು. ಅವಳು ಎದುರಿಗೆ ಕೂತು ಒಂದು ಎಲೆ ಎತ್ತಿಕೊಂಡಳು.

"ನಿಮಗೆ ಮೊದಲ ದಿನದಿಂದ ಗೊತ್ತಿತ್ತು."

ಅತ್ತೆ ತಲೆ ಎತ್ತಲಿಲ್ಲ. "ಆ ಮುದುಕನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ."

"ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ರಿ, ಬಳ್ಳಿ ಹೇಗಿದೆ ಅಂತ?"

"ಕೇಳೋದು ನಿಲ್ಲಿಸಿದ್ರೆ, ನನಗೆ ಗೊತ್ತಾಗಿದೆ ಅಂತ ನಿನಗೆ ಗೊತ್ತಾಗ್ತಿತ್ತು."

"ಬೈಬೇಕು ಅನಿಸ್ಲಿಲ್ವಾ, ಮಾದರ್ ಜಾನ್?"

"ಅನಿಸ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಮೊದಲನೇ ದಿನ ಮೊನೀರೆ ನನ್ನ ಕೈಯಿಂದ ಫೋನ್ ಕಿತ್ಕೊಂಡ್ಲು, ಇಲ್ದಿದ್ರೆ ನಿನ್ನ ಕಿವಿ ಹರೀತಿತ್ತು. ಎಷ್ಟು ವರ್ಷದ ಬಳ್ಳಿ ಅದು." ಅವರು ಮಡಚಿದ ಎಲೆಯನ್ನು ಪಾತ್ರೆಯ ತಳದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. "ಆಮೇಲೆ ಕುರ್ಬಾನ್ ಹೇಳಿದ, ಹುಡುಗಿ ಬರಿಗೈಯಲ್ಲಿ ಹಿಮ ಬಗೀತಿದಾಳೆ, ಒಳಗೆ ಹೋಗು ಅಂದ್ರೆ ಹೋಗ್ತಿಲ್ಲ ಅಂತ. ನೀನು ಆ ಚಳಿ ಕಂಡೋಳಲ್ಲ. ನಿನ್ನ ಎದೆಗೆ ಚಳಿ ಹಿಡಿದ್ರೆ ನಿನ್ನ ತಾಯಿಗೆ ನಾನು ಏನಂತ ಹೇಳ್ಲಿ? ಬಳ್ಳಿ ಕೇಳೋ ನೆವದಲ್ಲಿ ನಿನ್ನ ಮಾತು ಕೇಳ್ತಿದ್ದೆ, ಕೆಮ್ಮು ಬಂದಿದೆಯಾ ಅಂತ. ಕೆಮ್ಮು ಇಲ್ಲ ಅಂತ ಖಾತ್ರಿ ಆದ್ಮೇಲೆ ಇಡ್ತಿದ್ದೆ."

ಶರೀಫೆಗೆ ಆ ಫೋನಿನ ಕೊನೆಯ ಮೌನಗಳು ಒಂದೊಂದಾಗಿ ನೆನಪಾದವು. ತನ್ನ ಸುಳ್ಳನ್ನು ಅಳೆಯುತ್ತಿದ್ದಾರೆ ಎಂದು ಹೆದರಿ ಉಸಿರು ಬಿಗಿಹಿಡಿದಿದ್ದ ಹೊತ್ತು ಅವು. ಬಾಗಿ, ಅಕ್ಕಿ ಸೊಪ್ಪು ಮೆತ್ತಿದ್ದ ಆ ಕೈಯನ್ನು ಹಿಡಿದು ಮುತ್ತಿಟ್ಟಳು.

"ಬಿಡು, ಬಿಡು, ಮುಖಕ್ಕೆಲ್ಲ ಮೆತ್ತಿಕೊಂಡೆ. ಎಲೆಗೆ ಅಷ್ಟು ತುಂಬಬೇಡ, ಬೇಯುವಾಗ ಒಡೆಯುತ್ತೆ." ಎಂದವರು ಸ್ವಲ್ಪ ಹೊತ್ತು ಕೈಯನ್ನು ಹಾಗೆಯೇ ಅವಳ ಕೈಯಲ್ಲಿ ಬಿಟ್ಟಿದ್ದರು.

ಆ ವರ್ಷ ಅಂಜೂರ ಹಣ್ಣು ಬಿಡಲಿಲ್ಲ; ಐದು ಮೊಳಕೆಗಳು ಶರೀಫೆಯ ಭುಜದೆತ್ತರಕ್ಕೆ ಬೆಳೆದು ನಿಂತವು. ಗುಲಾಬಿ ಮಾತ್ರ ಅಂಗಳ ತುಂಬ ಹೂ ಸುರಿಯಿತು. ಬುಟ್ಟಿಗಟ್ಟಲೆ ಬಿಡುತ್ತಿದ್ದ ಬಳ್ಳಿಯಲ್ಲಿ ಹತ್ತೊಂಬತ್ತು ಗೊಂಚಲು ನಿಂತವು, ಅದೂ ಸಣ್ಣವು. ಬೇಸಿಗೆಯ ಕೊನೆಯ ಶಹ್ರೀವರ್ ತಿಂಗಳಲ್ಲಿ ಮೊನೀರೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಎಲ್ಲರೂ ಚಪ್ಪರದ ಕೆಳಗೆ ಕಾರ್ಪೆಟ್ ಹಾಸಿ ಕೂತರು, ಮಶ್ ಕುರ್ಬಾನ್‌ನನ್ನೂ ಕರೆದಿದ್ದರು. ಹಣ್ಣು ಹುಳಿ ಎಂದು ಅವನು ದೂರಿದ, ದೂರುತ್ತಲೇ ಇಡೀ ಗೊಂಚಲು ಮುಗಿಸಿದ. ತಾವೂಸ್ ಖಾನಂ ಬಿಸಿಲಿಗೆ ಬೆಚ್ಚಗಾಗಿದ್ದ ಒಂದು ಹಣ್ಣನ್ನು ಸುಲಿದು, ಬೀಜ ತೆಗೆದು, ಮೊಮ್ಮಗುವಿನ ತುಟಿಗೆ ಸವರಿದರು. ಮಗು ಮುಖ ಕಿವುಚಿತು, ಆಮೇಲೆ ಇನ್ನೂ ಬೇಕೆಂದು ಬಾಯಿ ತೆರೆಯಿತು. ಶರೀಫೆ ಎದ್ದು ಇನ್ನೊಂದು ಗೊಂಚಲು ಕೊಯ್ದು ತಂದಳು.